ಅಜ್ಜಿಯ ಮರಣ ಪ್ರಮಾಣಪತ್ರ: ತಾಲ್ಲೂಕು ಕಚೇರಿಯಲ್ಲಿ ದಾಖಲೆ ಸಿಗುತ್ತಿಲ್ಲ, ಮುಂದಿನ ದಾರಿ ಯಾವುದು?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ತಾಯಿ 1988ರ ಡಿಸೆಂಬರ್ ಕೊನೆಯ ವಾರದಲ್ಲಿ, ನಮ್ಮ ಹಳ್ಳಿಯಿಂದ ದೂರದ ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಊರಿನಲ್ಲಿಯೇ ನಡೆಯಿತು. ಅವರ ಹೆಸರಿನಲ್ಲಿದ್ದ ಅಡಿಕೆ ತೋಟದ ಪಹಣಿ ಇಂದಿಗೂ ಬದಲಾಗಿಲ್ಲ. ಈಗ ಪೌತಿ ಖಾತೆಗೆ ಅರ್ಜಿ ಹಾಕಿದರೆ ಮರಣ ಪ್ರಮಾಣಪತ್ರ ಬೇಕೆನ್ನುತ್ತಿದ್ದಾರೆ. ಇ-ಜನ್ಮ ಜಾಲತಾಣದಲ್ಲಿ ಹುಡುಕಿದೆ, ಸಿಗಲಿಲ್ಲ. ಗ್ರಾಮ ಆಡಳಿತ ಅಧಿಕಾರಿಗಳನ್ನು ಕೇಳಿದಾಗ ಹಳೆಯ ರಿಜಿಸ್ಟರುಗಳು ತಾಲ್ಲೂಕು ಕಚೇರಿಯಲ್ಲಿವೆ ಎಂದರು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ 1988ರ ರಿಜಿಸ್ಟರು ನೋಡಿ ನಮೂದು ಇಲ್ಲವೆಂದು ಬಾಯಿಮಾತಿನಲ್ಲಿ ತಿಳಿಸಿದರು. ಪರಿಚಯದ ವಕೀಲರೊಬ್ಬರು ವಿಳಂಬ ನೋಂದಣಿಗೆ ಅರ್ಜಿ ಸಲ್ಲಿಸಿಬಿಡೋಣ ಎನ್ನುತ್ತಿದ್ದಾರೆ. ಅದೇ ಸರಿಯಾದ ದಾರಿಯೇ? ಮೊಮ್ಮಗನಾದ ನಾನು ಅರ್ಜಿ ಹಾಕಬಹುದೇ, ಅಥವಾ ತಂದೆಯವರೇ ಹಾಕಬೇಕೇ?

ಹಳೇ ದಫ್ತರ:
ಕಂದಾಯ ಇಲಾಖೆಯಲ್ಲಿ ಬಹುಕಾಲ ಇದ್ದು ನಿವೃತ್ತನಾದವನು ನಾನು. ವಿಳಂಬ ನೋಂದಣಿಯ ಅರ್ಜಿಯನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಿ. ನೀವು ಬರೆದುದನ್ನು ನೋಡಿದರೆ ದಾಖಲೆ ಇಲ್ಲದಿರುವುದಕ್ಕಿಂತ, ಅದನ್ನು ಇಲ್ಲದ ಜಾಗದಲ್ಲಿ ಹುಡುಕುತ್ತಿರುವ ಸಾಧ್ಯತೆಯೇ ಹೆಚ್ಚು.

ಜನನ ಮರಣ ನೋಂದಣಿ ಅಧಿನಿಯಮ, 1969ರ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಆ ಪ್ರದೇಶದ ನೋಂದಣಾಧಿಕಾರಿಯ ಪುಸ್ತಕದಲ್ಲಿ ಅದು ದಾಖಲಾಗುತ್ತದೆಯೇ ಹೊರತು, ಮೃತರು ವಾಸವಿದ್ದ ಊರಿನಲ್ಲಾಗಲಿ ಸಂಸ್ಕಾರ ನಡೆದ ಊರಿನಲ್ಲಾಗಲಿ ಅಲ್ಲ. ಮನೆಯಲ್ಲಿ ತೀರಿಕೊಂಡರೆ ವರದಿ ಮಾಡುವ ಹೊಣೆ ಮನೆಯ ಯಜಮಾನನದು. ಆಸ್ಪತ್ರೆಯಲ್ಲಾದರೆ ಆ ಹೊಣೆ ಅಲ್ಲಿನ ಮುಖ್ಯ ವೈದ್ಯಾಧಿಕಾರಿಯದು ಅಥವಾ ಅವರು ಅಧಿಕಾರ ಕೊಟ್ಟವರದು. ಆದ್ದರಿಂದ ನಿಮ್ಮ ಮನೆಯವರು ಯಾವ ಕಚೇರಿಗೂ ಹೋಗಿರದಿದ್ದರೂ ಆಸ್ಪತ್ರೆಯಿಂದಲೇ ವರದಿ ಹೋಗಿರಬಹುದು. ಈಗ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ನೋಂದಣಿ ನಡೆಯುತ್ತದೆ. ಆ ಕಾಲದ ದಾಖಲೆಯನ್ನು ಮೊದಲು ಆ ಪಟ್ಟಣದ ನಗರಸಭೆಯ (ಈಗ ಮಹಾನಗರ ಪಾಲಿಕೆಯಾಗಿದ್ದರೆ ಪಾಲಿಕೆಯ) ಜನನ ಮರಣ ಶಾಖೆಯಲ್ಲಿ ಕೇಳಬೇಕು.

ಇನ್ನೊಂದು ಮಾತು ಮುಖ್ಯ. ರಿಜಿಸ್ಟರಿನಲ್ಲಿ ನಮೂದುಗಳು ಬರುವುದು ನೋಂದಣಿಯಾದ ದಿನಾಂಕದ ಕ್ರಮದಲ್ಲಿ, ಸತ್ತ ದಿನಾಂಕದ ಕ್ರಮದಲ್ಲಲ್ಲ. ನೋಂದಣಿ ಸಂಖ್ಯೆಯೂ ಪ್ರತಿ ಜನವರಿಯಲ್ಲಿ ಒಂದರಿಂದ ಆರಂಭವಾಗುತ್ತದೆ. ಡಿಸೆಂಬರ್ ಕೊನೆಯ ವಾರದ ಸಾವು ಜನವರಿಯಲ್ಲಿ ನೋಂದಣಿಯಾಗಿದ್ದರೆ 1988ರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿದರೂ ಅದು ಸಿಗುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ‘1988ರ ಡಿಸೆಂಬರ್ ಮತ್ತು 1989ನೇ ಸಾಲು’ ಎಂದು ಎರಡನ್ನೂ ಸ್ಪಷ್ಟವಾಗಿ ಬರೆಯಿರಿ. ಶೋಧನಾ ಶುಲ್ಕ ವರ್ಷಕ್ಕೆ ಇಷ್ಟೆಂದು ಇರುತ್ತದೆ, ಅದನ್ನು ಕಟ್ಟಿ ರಸೀದಿ ಪಡೆಯಿರಿ.

ಮೊಮ್ಮಗ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ. ಅಧಿನಿಯಮದ 17ನೇ ಪ್ರಕರಣವು ರಿಜಿಸ್ಟರಿನಲ್ಲಿ ಶೋಧನೆ ಮಾಡಿಸುವ ಹಕ್ಕನ್ನು ‘ಯಾವುದೇ ವ್ಯಕ್ತಿ’ಗೆ ಕೊಡುತ್ತದೆ. ಆದರೂ ನಿಮ್ಮ ಗುರುತಿನ ಚೀಟಿಯ ಜೊತೆಗೆ ತಂದೆಯವರ ಸಹಿಯಿರುವ ಒಂದು ಪತ್ರವನ್ನು ಇಟ್ಟುಕೊಂಡು ಹೋದರೆ ಕೌಂಟರಿನಲ್ಲಿ ವಾದ ಮಾಡುವ ಪ್ರಮೇಯ ಬರುವುದಿಲ್ಲ.

ಕೋರ್ಟು ಕಟ್ಟೆ:
ಹಿರಿಯರ ಮಾತಿಗೆ ವಿನಯಪೂರ್ವಕವಾಗಿ ಒಂದು ಭಿನ್ನಾಭಿಪ್ರಾಯ. ಮೂರು ದಶಕಕ್ಕೂ ಹಿಂದಿನ ಪುಸ್ತಕಗಳು ಎಷ್ಟೋ ಕಡೆ ಹುಳ ಹಿಡಿದು, ಪುಟ ಹರಿದು ಹೋಗಿವೆ. ಅವುಗಳನ್ನು ಹುಡುಕಿಸುತ್ತಾ ಕಾಲ ಕಳೆಯುವುದಕ್ಕಿಂತ ಆದೇಶ ಪಡೆದು ಹೊಸದಾಗಿ ನೋಂದಾಯಿಸುವುದು ಸುಲಭವಲ್ಲವೇ? 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಒಂದು ವರ್ಷ ಮೀರಿದ ಪ್ರಕರಣಗಳು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ನ್ಯಾಯಾಲಯದ ಬದಲು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಗಳು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ ಬರುತ್ತವೆ.

ಹಳೇ ದಫ್ತರ:
ಕಾನೂನಿನ ಮಾಹಿತಿ ಸರಿಯಾಗಿಯೇ ಇದೆ. ಆದರೆ ಆ ಆದೇಶಕ್ಕೂ ದಾಖಲೆ ಎಲ್ಲಿಯೂ ಇಲ್ಲವೆಂಬುದನ್ನು ತೋರಿಸಬೇಕಾಗುತ್ತದೆ. ಅದಕ್ಕಾಗಿಯೇ ನಮೂನೆ 10ರಲ್ಲಿ ಅಲಭ್ಯತಾ ಪ್ರಮಾಣಪತ್ರವಿದೆ, ಮತ್ತು ಅದನ್ನು ಸಾವು ಸಂಭವಿಸಿದ ಸ್ಥಳದ ನೋಂದಣಾಧಿಕಾರಿಯಿಂದಲೇ ತರಬೇಕು. ಹಳ್ಳಿಯ ತಾಲ್ಲೂಕು ಕಚೇರಿಯವರು ‘ನಮ್ಮಲ್ಲಿ ಇಲ್ಲ’ ಎಂದು ಬರೆದುಕೊಟ್ಟರೂ, ನಗರದ ಆಸ್ಪತ್ರೆಯಲ್ಲಾದ ಸಾವಿನ ಮಟ್ಟಿಗೆ ಅದರಿಂದ ಪ್ರಯೋಜನವಿಲ್ಲ. ನಗರದಲ್ಲಿ ಮೂಲ ನಮೂದು ಇದ್ದೂ ಹಳ್ಳಿಯಲ್ಲಿ ಮತ್ತೊಮ್ಮೆ ನೋಂದಣಿಯಾದರೆ, ಒಬ್ಬರೇ ವ್ಯಕ್ತಿಗೆ ಎರಡು ಮರಣ ದಿನಾಂಕ, ಎರಡು ಸ್ಥಳ ದಾಖಲಾಗುವ ಅಪಾಯವಿದೆ. ಮುಂದೆ ಭಾಗದ ವಿಷಯದಲ್ಲಿ ದಾಯಾದಿಗಳು ತಕರಾರು ತೆಗೆದರೆ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಅಲ್ಲದೆ ಈ ರಿಜಿಸ್ಟರುಗಳು ನಿಯಮದ ಪ್ರಕಾರ ಶಾಶ್ವತ ದಾಖಲೆಗಳು, ಅವಧಿ ಮುಗಿಯಿತೆಂದು ನಾಶಪಡಿಸುವಂತಿಲ್ಲ. ಪುಟ ಹರಿದಿದ್ದರೆ ಹರಿದಿದೆ ಎಂದೇ ಲಿಖಿತವಾಗಿ ಕೊಡಲಿ.

ತೋಟದಮನೆ:
ತಾವು ಸೂಚಿಸಿದಂತೆ ನಗರದಲ್ಲಿ ಎರಡು ಸಾಲುಗಳನ್ನೂ ನಮೂದಿಸಿ ಅರ್ಜಿ ಕೊಟ್ಟೆ. ದಾಖಲೆ ಸಿಕ್ಕಿದೆ, ನೋಂದಣಿಯಾದದ್ದು 1989ರ ಜನವರಿ ಮೊದಲ ವಾರದಲ್ಲಿ. ಆದರೆ ಪಹಣಿಯಲ್ಲಿ ಅಜ್ಜಿಯ ಪೂರ್ಣ ಹೆಸರಿದ್ದರೆ, ಇಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬರೆದಿದ್ದಾರೆ. ‘ಕೋಂ’ ಎಂಬುದರ ಮುಂದೆ ಅಜ್ಜನ ಹೆಸರು ಸರಿಯಾಗಿದೆ. ವಿಳಾಸ ಮಾತ್ರ ಪಟ್ಟಣದಲ್ಲಿದ್ದ ಸೋದರತ್ತೆಯ ಮನೆಯದು. ಪ್ರಮಾಣಪತ್ರವನ್ನು ಹೀಗೆಯೇ ಪಡೆಯಲೇ, ತಿದ್ದುಪಡಿ ಮಾಡಿಸಿ ಪಡೆಯಲೇ? ಸಾವಿನ ಕಾರಣವೂ ಅದರಲ್ಲಿ ಬರುತ್ತದೆಯೇ?

ಹಳೇ ದಫ್ತರ:
ಬಹಳ ಸಂತೋಷ. ಮೊದಲು ಇದ್ದದ್ದನ್ನು ಇದ್ದಂತೆಯೇ ಪಡೆದುಕೊಳ್ಳಿ. ನೋಂದಣಿ ಸಂಖ್ಯೆ ಮತ್ತು ದಿನಾಂಕ ಕೈಯಲ್ಲಿದ್ದರೆ ಮುಂದಿನ ಯಾವ ಅರ್ಜಿಗೂ ಬುಡ ಇರುತ್ತದೆ. ಸಾವಿನ ಕಾರಣ ಅದರಲ್ಲಿ ಬರುವುದಿಲ್ಲ, ಅದನ್ನು ಬಹಿರಂಗಪಡಿಸಬಾರದೆಂದು ಅದೇ 17ನೇ ಪ್ರಕರಣದಲ್ಲಿದೆ. ಪೌತಿ ಖಾತೆಗೆ ಅದು ಬೇಕಾಗಿಯೂ ಇಲ್ಲ.

ಹೆಸರಿನ ತಿದ್ದುಪಡಿಗೆ 15ನೇ ಪ್ರಕರಣದಡಿ ಅದೇ ನೋಂದಣಾಧಿಕಾರಿಗೆ ಅರ್ಜಿ ಕೊಡಬೇಕು. ಮೂಲ ನಮೂದನ್ನು ಹೊಡೆದುಹಾಕಿ ಬರೆಯುವ ಪದ್ಧತಿಯಿಲ್ಲ. ಅಂಚಿನಲ್ಲಿ ಸರಿಯಾದ ವಿವರ ಬರೆದು, ಸಹಿ ಮತ್ತು ದಿನಾಂಕ ಹಾಕುತ್ತಾರೆ. ಬರವಣಿಗೆಯ ಸಣ್ಣ ತಪ್ಪಾದರೆ ವಿಚಾರಿಸಿ ಸರಿಪಡಿಸುತ್ತಾರೆ. ನಿಮ್ಮಲ್ಲಿ ಹೆಸರೇ ಬೇರೆಯಾಗಿರುವುದರಿಂದ ವಿಷಯ ಬಲ್ಲ ಇಬ್ಬರು ನಂಬಲರ್ಹ ವ್ಯಕ್ತಿಗಳ ಘೋಷಣೆ ಬೇಕಾಗುತ್ತದೆ. ಅಜ್ಜಿಯನ್ನು ಕಂಡಿದ್ದ ಊರಿನ ಹಿರಿಯರು ಇದಕ್ಕೆ ತಕ್ಕವರು. ಅವರ ವಯಸ್ಸನ್ನು ನೆನೆದು ಈ ಕೆಲಸವನ್ನು ಮುಂದೂಡಬೇಡಿ. ಎರಡೂ ಹೆಸರು ಒಟ್ಟಿಗಿರುವ ಹಳೆಯ ಕಾಗದ, ಅಂದರೆ ಕ್ರಯಪತ್ರ, ಪಡಿತರ ಚೀಟಿ ಅಥವಾ ಸಹಕಾರ ಸಂಘದ ಪಾಸುಪುಸ್ತಕ ಸಿಕ್ಕಿದರೆ ಅದು ಘೋಷಣೆಗಿಂತಲೂ ಬಲವಾದ ಆಧಾರ. ವಿಳಾಸದ ವ್ಯತ್ಯಾಸಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಗಂಡನ ಹೆಸರು ಸರಿಯಾಗಿದೆ.

ತೋಟದಮನೆ:
ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ತೋಟದ ಕ್ರಯಪತ್ರವಿದೆ, ಅದರಲ್ಲಿ ಎರಡೂ ಹೆಸರುಗಳನ್ನು ‘ಉರುಫ್’ ಎಂದು ಸೇರಿಸಿ ಬರೆದಿದ್ದಾರೆ. ಅದರ ದೃಢೀಕೃತ ನಕಲಿಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಟ್ಟು, ತಿದ್ದುಪಡಿಯ ಅರ್ಜಿಯೊಂದಿಗೆ ಲಗತ್ತಿಸುತ್ತೇನೆ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಕೊಡುವ ಅರ್ಜಿಯಲ್ಲೂ ಅಜ್ಜಿಯ ಹೆಸರನ್ನು ಹಾಗೆಯೇ ‘ಉರುಫ್’ ಸಮೇತ ಬರೆಯಬೇಕೇ?

ಹಳೇ ದಫ್ತರ:
ಹೌದು, ಎಲ್ಲ ಕಡೆಯೂ ಒಂದೇ ರೀತಿ, ಕ್ರಯಪತ್ರದಲ್ಲಿರುವ ಅಕ್ಷರಗಳಲ್ಲಿಯೇ ಬರೆಯಿರಿ.