ಘಾಟಿ ಹತ್ತಿದರೆ ಕ್ಲಸ್ಟರ್ ತಲೆನೋವು ಏಳುತ್ತದೆಯೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಬದಿಯಡ್ಕ ಸಮೀಪದ ಒಬ್ಬ ಶಾಲಾ ಅಧ್ಯಾಪಕ

ನನಗೆ ಈಗ 43 ವರ್ಷ. ಏಳೆಂಟು ವರ್ಷಗಳಿಂದ ಕ್ಲಸ್ಟರ್ ತಲೆನೋವಿದೆ. ಮಳೆಗಾಲ ಮುಗಿಯುತ್ತಿದ್ದಂತೆ ಬಂದು, ಆರೇಳು ವಾರ ದಿನವೂ ಕಾಡಿ, ಬಂದ ಹಾಗೆಯೇ ಹೇಳದೆ ಕೇಳದೆ ಹೊರಟುಹೋಗುತ್ತದೆ. ಯಾವಾಗಲೂ ಬಲಗಣ್ಣಿನ ಹಿಂದೆಯೇ. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಬದಿಯ ಮೂಗು ಕಟ್ಟುತ್ತದೆ, ಒಂದು ಗಂಟೆಯ ಹೊತ್ತು ಕುಳಿತಲ್ಲಿ ಕುಳಿತಿರಲಾಗುವುದಿಲ್ಲ. ನರರೋಗ ತಜ್ಞರು ರೋಗವನ್ನು ಖಚಿತಪಡಿಸಿದ್ದಾರೆ, ನೋವು ಬಾರದಂತೆ ತಡೆಯಲು ವೆರಾಪಮಿಲ್ ಮಾತ್ರೆ ಕೊಟ್ಟಿದ್ದಾರೆ. ಆದ್ದರಿಂದ ರೋಗ ಯಾವುದು ಎಂಬುದು ನನ್ನ ಪ್ರಶ್ನೆಯಲ್ಲ.

ಕಳೆದ ಎರಡು ವರ್ಷವೂ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆಂದು ಮನೆಮಂದಿಯೊಂದಿಗೆ ತಲಕಾವೇರಿಗೆ ಹೋಗಿ, ರಾತ್ರಿ ಮಡಿಕೇರಿಯಲ್ಲಿ ತಂಗಿದ್ದೆ. ಎರಡು ಸಲವೂ ಆ ರಾತ್ರಿಯೇ ವರ್ಷದ ಮೊದಲ ನೋವು ಎದ್ದಿತು. ಸಮುದ್ರದ ಮಟ್ಟದಲ್ಲಿ ಬದುಕುವ ನಮಗೆ ಎತ್ತರದ ಗಾಳಿಯೇ ಇದಕ್ಕೆ ಕಾರಣವಾಗಿರಬಹುದೇ? ಬರುವ ನವೆಂಬರ್‌ನಲ್ಲಿ ಮಕ್ಕಳನ್ನು ಊಟಿ ಪ್ರವಾಸಕ್ಕೆ ಕರೆದೊಯ್ಯುವ ಹೊಣೆ ನನ್ನ ಮೇಲಿದೆ. ಅದಾದ ಮೇಲೆ ಮೇ ತಿಂಗಳಲ್ಲಿ ಭಾವನ ಜೊತೆ ಲೇಹ್‌ಗೆ ಹೋಗುವ ಮಾತೂ ಇದೆ. ಹೋಗಲೋ ಬೇಡವೋ ಎಂಬುದು ತಿಳಿಯುತ್ತಿಲ್ಲ.

ಪೆರ್ಲದಿಂದ ಒಬ್ಬ ಕೃಷಿಕ

ಮಾಷ್ಟ್ರೇ, ನನ್ನದು ಎಡಗಣ್ಣು, ಹತ್ತೊಂಬತ್ತು ವರ್ಷಗಳ ಒಡನಾಟ. ತೆಂಗಿನಕಾಯಿ ಸುಲಿಯುವ ಹಾರೆಯನ್ನು ಕಣ್ಣುಗುಡ್ಡೆಯ ಹಿಂದೆ ಊರಿ ಯಾರೋ ಮೀಟಿದಂತಾಗುತ್ತದೆ ಎಂದರೆ ಇತರರು ಉತ್ಪ್ರೇಕ್ಷೆ ಎಂದುಕೊಂಡಾರು, ತಮಗೆ ಅರ್ಥವಾದೀತು. ನಡುರಾತ್ರಿ ಅಂಗಳದಲ್ಲಿ ಬೈರಾಸು ಕಣ್ಣಿಗೆ ಒತ್ತಿಕೊಂಡು ಬಾವಿಕಟ್ಟೆಯಿಂದ ಹಟ್ಟಿಯವರೆಗೆ ನಾನು ನಡೆದ ದೂರವನ್ನೆಲ್ಲ ಕೂಡಿಸಿದರೆ ಕಾಶಿಗೆ ಹೋಗಿ ಬಂದಷ್ಟಾದೀತು.

ತಮ್ಮ ಹಾಗೆಯೇ ನಾನೂ ಎತ್ತರವನ್ನೇ ದೂರಿದವನು. ಮಗಳನ್ನು ಕೊಡಗಿಗೆ ಕೊಟ್ಟಿದ್ದೇವೆ. ಮೊದಲ ವರ್ಷ ಅವಳ ಮನೆಗೆ ಹೊರಟಾಗ ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುತ್ತಿದ್ದಂತೆ ಕಿವಿ ಕಟ್ಟಿತು, ಮಡಿಕೇರಿ ತಲಪುವಷ್ಟರಲ್ಲಿ ಕಣ್ಣಿನಲ್ಲಿ ನೀರು, ರಾತ್ರಿ ಎರಡು ಸಲ ನೋವು. ಅಲ್ಲಿಗೆ ಕೊಡಗಿನ ಗಾಳಿ ನನಗೆ ಆಗದು ಎಂದು ತೀರ್ಮಾನಿಸಿಬಿಟ್ಟೆ, ಬೀಗರ ಮನೆಯವರಿಗೂ ಹಾಗೆಯೇ ಹೇಳಿದೆ. ತಜ್ಞರ ಹತ್ತಿರ ಹೋದಾಗ ಅವರು ಕೇಳಿದ್ದು ಬೇರೆಯೇ: ಆ ದಿನ ಕಾರಿನಲ್ಲಿ ನಿದ್ದೆ ಮಾಡಿದಿರಾ, ರಾತ್ರಿ ಏನು ಕುಡಿದಿರಿ, ಎಷ್ಟು ಗಂಟೆಗೆ ಮಲಗಿದಿರಿ. ಕಾರಿನಲ್ಲಿ ಜಾಲ್ಸೂರಿನಿಂದಲೇ ನಿದ್ದೆ ಹೋಗಿದ್ದೆ. ರಾತ್ರಿ ಬೀಗರು ಪ್ರೀತಿಯಿಂದ ಕೊಟ್ಟ ಮನೆಯಲ್ಲೇ ಮಾಡಿದ ವೈನನ್ನು ಒಂದು ಲೋಟ ಕುಡಿದಿದ್ದೆ. ನೋವಿನ ಕಾಲ ನಡೆಯುತ್ತಿರುವಾಗ ಮದ್ಯದ ಒಂದು ಗುಟುಕು ಸಾಕು, ಗಂಟೆಯೊಳಗೆ ನೋವು ಏಳಬಹುದು. ಹಗಲು ನಿದ್ದೆಯೂ ಹಲವರಲ್ಲಿ ಹಾಗೆಯೇ. ಎರಡೂ ಅಪರಾಧಗಳನ್ನು ಮಾಡಿದವನು ನಾನು, ಶಿಕ್ಷೆ ಮಾತ್ರ ಘಾಟಿಗೆ.

ಆಮೇಲೆ ಲೆಕ್ಕ ಬರೆಯತೊಡಗಿದೆ. ತೋಟದ ಕೂಲಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ತಾರೀಕು, ಎದ್ದ ಗಂಟೆ, ಇಳಿದ ಗಂಟೆ, ಆ ದಿನ ಎಲ್ಲಿದ್ದೆ ಎಂಬ ನಾಲ್ಕೇ ಅಂಕಣ. ನೋವಿನ ಕಾಲದಲ್ಲಿ ವೈನು ಮುಟ್ಟದೆ, ದಾರಿಯಲ್ಲಿ ಕಣ್ಣು ಮುಚ್ಚದೆ ಮಡಿಕೇರಿಗೆ ಐದು ಸಲ ಹೋಗಿದ್ದೇನೆ. ಎರಡು ಸಲ ಏನೂ ಆಗಲಿಲ್ಲ. ಎರಡು ಸಲ ರಾತ್ರಿ ಒಂದೂವರೆಗೆ ಎದ್ದಿತು, ಅದು ಪೆರ್ಲದಲ್ಲೂ ಅದೇ ಒಂದೂವರೆಗೆ ಏಳುವ ನೋವು. ಒಂದು ಸಲ ಮಾತ್ರ ವಾಡಿಕೆಯ ಹೊತ್ತಲ್ಲದೆ ಬೆಳಗಿನ ಜಾವದಲ್ಲೂ ಇನ್ನೊಮ್ಮೆ ಬಂತು. ಕಾಲ ಮುಗಿದ ಮೇಲೆ, ಬೇಸಿಗೆಯಲ್ಲಿ, ಊಟಿಗೆ ಹೋಗಿ ದೊಡ್ಡಬೆಟ್ಟದ ಮೇಲೆ ನಿಂತು ಬಂದಿದ್ದೇನೆ. ಅದು 2,637 ಮೀಟರ್. ಒಂದು ಸೀನೂ ಬರಲಿಲ್ಲ. ಸಿಡಿಮದ್ದು ಒಣಗಿದ್ದರೆ ಮಾತ್ರ ಕಿಡಿ ಹಿಡಿಯುತ್ತದೆ ಎಂಬುದು ನನ್ನ ಮಟ್ಟಿನ ತೀರ್ಮಾನ.

ತಮ್ಮ ವಿಷಯದಲ್ಲಿ ನನಗೆ ಕಾಣುವ ಸಂದೇಹ ಇದು. ತಮಗೆ ನೋವಿನ ಕಾಲ ಆರಂಭವಾಗುವುದೂ ಮಳೆ ಮುಗಿಯುವಾಗ, ತುಲಾ ಸಂಕ್ರಮಣ ಬರುವುದೂ ಅಕ್ಟೋಬರ್ ನಡುವಿನಲ್ಲಿ. ತಲಕಾವೇರಿಗೆ ಹೋಗದ ವರ್ಷಗಳಲ್ಲಿ ಮೊದಲ ನೋವು ಯಾವ ತಾರೀಕಿಗೆ ಎದ್ದಿತ್ತು ಎಂಬುದನ್ನು ದಯವಿಟ್ಟು ಹುಡುಕಿ ನೋಡಿ.

ಇನ್ನೊಂದು ಮಾತು, ನೋವು ಎದ್ದಾಗ ಅದನ್ನು ಇಳಿಸುವ ಆಮ್ಲಜನಕದ ಬಗ್ಗೆ. ನಾನು ಎಲ್ಲಿಗೆ ಹೋದರೂ ಜೀಪಿನಲ್ಲಿ ಬಿ ಟೈಪ್ ಸಿಲಿಂಡರ್ ಇರುತ್ತದೆ. ಅದರಲ್ಲಿ ಹಿಡಿಸುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಎಳೆದರೆ ಒಂದು ಸಲಕ್ಕೆ 180 ಲೀಟರ್ ಮುಗಿಯುತ್ತದೆ, ಅಂದರೆ ಎಂಟು ಸಲಕ್ಕೆ ಸಾಕು. ಮೂಗಿಗೆ ಸಿಕ್ಕಿಸುವ ಸಣ್ಣ ನಳಿಗೆಯಿಂದ ಪ್ರಯೋಜನವಿಲ್ಲ. ಕೆಳಗೆ ಚೀಲ ತೂಗುವ ಮಾಸ್ಕ್ ಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಗಾಳಿಯಿಂದ ನಿಮಿಷಕ್ಕೆ 5 ಲೀಟರ್ ಆಮ್ಲಜನಕ ತೆಗೆಯುವ ಕಾನ್ಸನ್‌ಟ್ರೇಟರನ್ನು ನಂಬಿ ನಾನೊಮ್ಮೆ ಕೆಟ್ಟಿದ್ದೇನೆ, ಅದರ ಗಾಳಿ ಈ ನೋವಿಗೆ ಸಾಲುವುದಿಲ್ಲ. ಸಿಲಿಂಡರನ್ನು ಉರುಳದಂತೆ ಕಟ್ಟಬೇಕು, ಹತ್ತಿರ ಬೀಡಿ ಸೇದುವವರನ್ನು ಕೂರಿಸಬಾರದು. ಇದೆಲ್ಲವೂ ವೈದ್ಯರ ಚೀಟಿಯ ಮೇಲೆಯೇ ಆಗಬೇಕು.

ಅಕ್ಕಲಕೋಟೆಯಿಂದ

ಎತ್ತರದ ವಿಷಯ ನನಗೆ ತಿಳಿಯದು, ನಮ್ಮದು ಬಯಲು ಸೀಮೆ. ಆದರೆ ಇದೇ ನೋವಿಗೆ ನನ್ನ ಎರಡು ದವಡೆ ಹಲ್ಲುಗಳನ್ನು ಕಿತ್ತರು, ಆಮೇಲೆ ಸೈನಸ್ ಎಂದು ಮೂರು ವರ್ಷ ಮದ್ದು ಕೊಟ್ಟರು. ಅಧ್ಯಾಪಕರಿಗೆ ರೋಗದ ಹೆಸರು ಮೊದಲೇ ತಿಳಿದಿರುವುದು ಭಾಗ್ಯವೆಂದೇ ಹೇಳಬೇಕು.

ತಾಳವಾಡಿಯಿಂದ ಒಬ್ಬ ಗೃಹಿಣಿ

ಅಧ್ಯಾಪಕರಿಗೆ ನಮಸ್ಕಾರ. ನೋವು ನನ್ನದಲ್ಲ, ನಮ್ಮ ಯಜಮಾನರದು. ಅವರು ಇಲ್ಲಿಂದ ತರಕಾರಿ ತುಂಬಿದ ಲಾರಿಯನ್ನು ಸತ್ಯಮಂಗಲದ ಕಡೆಗೆ ಇಳಿಸುವವರು. ದಿಂಬಂ ಘಾಟಿಯ 27 ತಿರುವುಗಳನ್ನು ವಾರಕ್ಕೆ ನಾಲ್ಕು ಸಲವಾದರೂ ಹತ್ತಿ ಇಳಿಯುತ್ತಾರೆ. ಎತ್ತರ ಬದಲಾಗುವುದೇ ಕಾರಣವಾಗಿದ್ದರೆ ಅವರಿಗೆ ವರ್ಷವಿಡೀ ನೋವಿರಬೇಕಿತ್ತು. ಹಾಗಿಲ್ಲ, ಮಾಘ ಮಾಸದ ಸುಮಾರಿಗೆ ಎರಡು ತಿಂಗಳು ಮಾತ್ರ. ಆ ಎರಡು ತಿಂಗಳಲ್ಲಿಯೂ ನೋವು ಘಾಟಿಯಲ್ಲಿ ಬಂದದ್ದಕ್ಕಿಂತ ಮನೆಗೆ ಬಂದು ಉಂಡು ಮಲಗಿದ ಒಂದೂವರೆ ಗಂಟೆಯ ಬಳಿಕ ಬಂದದ್ದೇ ಹೆಚ್ಚು. ಡೀಸೆಲ್ ವಾಸನೆಯನ್ನು ಮಾತ್ರ ಆ ದಿನಗಳಲ್ಲಿ ಅವರು ತಾಳುವುದಿಲ್ಲ.

ಆದರೂ ಆ ಎರಡು ತಿಂಗಳು ನಾನು ಅವರನ್ನು ಸ್ಟಿಯರಿಂಗ್ ಹಿಡಿಯಲು ಬಿಡುವುದಿಲ್ಲ. ಎತ್ತರದಿಂದ ನೋವು ಬರುತ್ತದೋ ಇಲ್ಲವೋ, ನೋವು ಬಂದಾಗ ರೆಪ್ಪೆ ಜೋತು ಒಂದು ಕಣ್ಣು ಮುಚ್ಚಿಹೋಗುತ್ತದೆ. ಒಂದು ಕಣ್ಣಿನಲ್ಲಿ ಆ ತಿರುವುಗಳನ್ನು ದಾಟಲಾಗದು. ಅಧ್ಯಾಪಕರು ಊಟಿಗೆ ಹೋಗುವುದಾದರೂ ಮಕ್ಕಳ ಪೂರ್ತಿ ಹೊಣೆಯನ್ನು ಒಬ್ಬರೇ ಹೊರದೆ, ಇನ್ನೊಬ್ಬ ಅಧ್ಯಾಪಕರನ್ನು ಜೊತೆಗಿರಿಸಿಕೊಳ್ಳಲಿ.

ಮಂಜೇಶ್ವರ ಮೂಲದ ಒಬ್ಬ ವೈದ್ಯ

ಪೆರ್ಲದ ಅಣ್ಣನವರ ನಾಲ್ಕು ಅಂಕಣದ ಲೆಕ್ಕವನ್ನು ನಮ್ಮ ರೋಗಿಗಳೆಲ್ಲರೂ ಬರೆದರೆ ನಮ್ಮ ಅರ್ಧ ಕೆಲಸ ಹಗುರಾದೀತು. ಅವರು ಹೇಳಿದ್ದರ ಹಿಂದಿನ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಾಳಿಯಲ್ಲಿ ಆಮ್ಲಜನಕದ ಪಾಲು ಕುಂಬಳೆಯಲ್ಲೂ ಲೇಹ್‌ನಲ್ಲೂ ನೂರಕ್ಕೆ 21ರಷ್ಟೇ. ಎತ್ತರ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಆ ಒತ್ತಡ ಕರಾವಳಿಗಿಂತ ಎಂಟರಲ್ಲಿ ಒಂದು ಪಾಲು ಕಡಿಮೆ, 2,240 ಮೀಟರಿನ ಊಟಿಯಲ್ಲಿ ಹತ್ತಿರಹತ್ತಿರ ಕಾಲು ಪಾಲು ಕಡಿಮೆ, 3,500 ಮೀಟರಿನ ಲೇಹ್‌ನಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆ. ಮಡಿಕೇರಿಯಲ್ಲಿ ಆರೋಗ್ಯವಂತರ ರಕ್ತದ ಆಮ್ಲಜನಕ ಅಷ್ಟೇನೂ ಇಳಿಯುವುದಿಲ್ಲ. ಲೇಹ್‌ಗೆ ವಿಮಾನದಲ್ಲಿ ಹೋಗಿ ಇಳಿದವರ ಬೆರಳಿಗೆ ಆಕ್ಸಿಮೀಟರ್ ಇಟ್ಟರೆ ಮೊದಲ ದಿನ 90ಕ್ಕಿಂತ ಕೆಳಗಿನ ಅಂಕಿ ಸಾಮಾನ್ಯ. ಆದ್ದರಿಂದ ಈ ಮೂರನ್ನೂ ‘ಎತ್ತರ’ ಎಂಬ ಒಂದೇ ಮಾತಿನಲ್ಲಿ ಕಟ್ಟಬಾರದು.

ರಕ್ತದಲ್ಲಿ ಆಮ್ಲಜನಕ ಇಳಿಯುವುದಕ್ಕೂ ಈ ನೋವಿಗೂ ನಂಟಿದೆ ಎಂಬ ಸಂದೇಹ ಹಳೆಯದು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಈ ರೋಗಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಶುದ್ಧ ಆಮ್ಲಜನಕ ನೋವನ್ನು ಇಳಿಸುತ್ತದೆ ಎಂಬುದು ಅಳೆದು ಗೊತ್ತಾದ ಮಾತು: 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ನಿಮಿಷಕ್ಕೆ 12 ಲೀಟರಿನಂತೆ ಕೊಟ್ಟಾಗ 15 ನಿಮಿಷದಲ್ಲಿ ನೂರರಲ್ಲಿ 78 ಸಲ ಸಾಕಷ್ಟು ಉಪಶಮನ ಸಿಕ್ಕಿತು, ಬರಿಯ ಗಾಳಿ ಕೊಟ್ಟಾಗ 20 ಸಲ. ಆದರೆ ಆಮ್ಲಜನಕ ಕೊಟ್ಟರೆ ಇಳಿಯುತ್ತದೆ ಎಂದ ಮಾತ್ರಕ್ಕೆ ಅದರ ಕೊರತೆಯಿಂದಲೇ ಏಳುತ್ತದೆ ಎಂದಾಗದು, ಪ್ಯಾರಾಸಿಟಮಾಲಿನ ಕೊರತೆಯಿಂದ ಜ್ವರ ಬರುವುದಿಲ್ಲವಷ್ಟೆ. ಎತ್ತರದಲ್ಲಿ ನೋವೆದ್ದಿತು ಎಂದು ರೋಗಿಗಳು ಹೇಳಿದ್ದು ಬಹಳ, ಅಳೆದು ನೋಡಿದ್ದು ಕಡಿಮೆ.

ನೋವಿನ ಕಾಲವೇ ಮುಖ್ಯ ಎಂಬುದಕ್ಕೆ ಬಲವಾದ ಸಾಕ್ಷಿ ಬೇರೆ ಕಡೆಯಿಂದ ಬಂದಿದೆ. ಹೃದ್ರೋಗಿಗಳು ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆಯಿಂದ ಕ್ಲಸ್ಟರ್ ನೋವನ್ನು ಬೇಕೆಂದೇ ಎಬ್ಬಿಸಿ ನೋಡಿದ್ದಾರೆ. ನೋವಿನ ಕಾಲದಲ್ಲಿ ಅರ್ಧ ಮುಕ್ಕಾಲು ಗಂಟೆಯಲ್ಲಿ ಏಳುತ್ತದೆ, ಉಳಿದ ತಿಂಗಳುಗಳಲ್ಲಿ ಅದೇ ಮಾತ್ರೆ ಅದೇ ಮನುಷ್ಯನಲ್ಲಿ ಇದನ್ನು ಎಬ್ಬಿಸುವುದಿಲ್ಲ. ದಿನದ ಗಡಿಯಾರವನ್ನು ನಡೆಸುವ ಹೈಪೊಥಲಾಮಸ್ ಎಂಬ ಮೆದುಳಿನ ಭಾಗ ಈ ನೋವಿನ ಹೊತ್ತಿನಲ್ಲಿ ಚುರುಕಾಗುವುದು 1998ರ ಸ್ಕ್ಯಾನ್‌ಗಳಲ್ಲಿ ಕಂಡಿದೆ. ಒಂದೂವರೆ ಎಂದರೆ ಒಂದೂವರೆಗೇ ಏಳುವುದು ಬಹುಶಃ ಆ ಕಾರಣದಿಂದ.

ಊಟಿಗೆ ಹೋಗುವುದು ನೋವಿನ ಕಾಲದೊಳಗಾದರೆ ಎಚ್ಚರ ಬೇಕು. ಅಲ್ಲಿ ನಾನು ಹೆದರುವುದು ಹಗಲಿನ ಘಾಟಿಗಲ್ಲ, ಮೊದಲ ರಾತ್ರಿಯ ನಿದ್ದೆಗೆ. ಎತ್ತರದಲ್ಲಿ ನಿದ್ದೆಯ ಉಸಿರಾಟ ಏರುಪೇರಾಗಿ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ಲೇಹ್ ವಿಷಯದಲ್ಲಿ ಕಾಲ ಮುಗಿದಿದ್ದರೂ 2,500 ಮೀಟರ್ ದಾಟಿದವರಿಗೆ ಬರುವ ಎತ್ತರದ ತಲೆನೋವು ಬೇರೆಯೇ ಇದೆ. ಅದು ಎರಡೂ ಬದಿಗೆ, ಬಗ್ಗಿದರೆ ಕೆಮ್ಮಿದರೆ ಹೆಚ್ಚುತ್ತದೆ, ಕಣ್ಣು ಕೆಂಪಾಗುವುದಿಲ್ಲ, ರೋಗಿ ಓಡಾಡದೆ ಮಲಗಬಯಸುತ್ತಾನೆ. ಅದಕ್ಕೆ ಅಲ್ಲಿ ಎರಡು ದಿನ ಸುಮ್ಮನೆ ಕುಳಿತು ಮೈ ಹೊಂದಿಸಿಕೊಳ್ಳುವುದೇ ಮೊದಲ ಮದ್ದು. ನೇರವಾಗಿ 5,359 ಮೀಟರಿನ ಖರ್ದುಂಗ್ ಲಾ ಎಂಬ ಬೆಟ್ಟದ ದಾರಿಗೆ ಹತ್ತಬಾರದು. ವೆರಾಪಮಿಲ್ ಪ್ರಮಾಣವನ್ನು ಪ್ರವಾಸಕ್ಕೆಂದು ತಾವೇ ಹೆಚ್ಚಿಸಿಕೊಳ್ಳಬೇಡಿ, ಪ್ರತಿ ಸಲ ಹೆಚ್ಚಿಸುವಾಗಲೂ ಇಸಿಜಿ ನೋಡಬೇಕಾಗುತ್ತದೆ.

ಉಪ್ಪಳದಿಂದ, ಈಗ ಶಾರ್ಜಾದಲ್ಲಿರುವವನು

ಲೇಹ್‌ಗೆ ವಿಮಾನದಲ್ಲಿ ಹೋಗುವವರಿದ್ದರೆ ಇದೂ ಗೊತ್ತಿರಲಿ. ಊರಿಗೆ ಬರುವಾಗ ವಿಮಾನ ಮಂಗಳೂರಿನ ಕಡೆಗೆ ಇಳಿಯತೊಡಗಿದರೆ ನನಗೆ ಹುಬ್ಬಿನ ಮೇಲೆ ಸೂಜಿ ಚುಚ್ಚಿದಂತಹ ನೋವು ಬರುತ್ತಿತ್ತು. ನಾನದನ್ನು ಕ್ಲಸ್ಟರ್ ಎಂದೇ ತಿಳಿದು ನಾಲ್ಕು ವರ್ಷ ಹೆದರಿದ್ದೆ. ಸಾಮಾನು ಬರುವ ಬೆಲ್ಟಿನ ಹತ್ತಿರ ನಿಂತಿರುವಾಗಲೇ ಅದು ಮಾಯವಾಗುತ್ತಿತ್ತು; ಕಣ್ಣು ಕೆಂಪಾಗುತ್ತಿರಲಿಲ್ಲ, ರಾತ್ರಿ ಮರಳಿ ಬರುತ್ತಿರಲಿಲ್ಲ. ಅದಕ್ಕೆ ವಿಮಾನ ತಲೆನೋವು ಎಂಬ ಬೇರೆ ಹೆಸರೇ ಇದೆಯಂತೆ, ಇಳಿದ ಅರ್ಧ ಗಂಟೆಯೊಳಗೆ ಹೋಗುವುದೇ ಅದರ ಗುರುತು.

ನಿಜವಾದ ಕ್ಲಸ್ಟರ್ ಇರುವುದು ನನ್ನ ಇಚ್ಚನಿಗೆ. ಅಂದರೆ ಅಣ್ಣನಿಗೆ, ನಮ್ಮ ಮನೆಮಾತು ಇಲ್ಲಿ ನುಸುಳಿತು, ಕ್ಷಮಿಸಿ. ಅವನು ಹೇಳುವಂತೆ ವಿಮಾನದೊಳಗಿನ ಗಾಳಿಯ ಒತ್ತಡವೂ ಊಟಿಯ ಒತ್ತಡದಷ್ಟಕ್ಕೆ ಇಳಿಯಬಹುದು, ಹಾಗಾಗಿ ನೋವಿನ ಕಾಲದಲ್ಲಿ ವಿಮಾನ ಹತ್ತುವ ಮೊದಲು ಅವನು ವೈದ್ಯರನ್ನು ಕಾಣುತ್ತಾನೆ. ಸ್ವಂತ ಆಮ್ಲಜನಕದ ಸಿಲಿಂಡರನ್ನು ಒಳಗೆ ಬಿಡುವುದಿಲ್ಲ. ಬೇಕಿದ್ದರೆ ವಿಮಾನ ಸಂಸ್ಥೆಯನ್ನು ಮೊದಲೇ ಕೇಳಬೇಕು. ಎದ್ದ ನೋವನ್ನು ಇಳಿಸುವ ಸುಮಾಟ್ರಿಪ್ಟಾನ್ ಚುಚ್ಚುಮದ್ದನ್ನು ವೈದ್ಯರ ಪತ್ರದೊಂದಿಗೆ ಕೈಚೀಲದಲ್ಲಿಯೇ ಇಟ್ಟುಕೊಳ್ಳುತ್ತಾನೆ.

ಪ್ರಶ್ನೆ ಕೇಳಿದ ಅಧ್ಯಾಪಕ

ಎಲ್ಲರಿಗೂ ಕೃತಜ್ಞತೆಗಳು. ಪೆರ್ಲದವರು ಹೇಳಿದಂತೆ ಹುಡುಕಿದೆ. ನಾನು ಲೆಕ್ಕ ಬರೆದಿಡುವವನಲ್ಲ, ಆದರೆ ನನ್ನ ಮನೆಯವಳು ನೋವು ಬಂದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕುತ್ತಾಳೆ. ಹಳೆಯ ಕ್ಯಾಲೆಂಡರುಗಳನ್ನು ಪುಸ್ತಕಕ್ಕೆ ಬೈಂಡು ಹಾಕಲೆಂದು ಅಟ್ಟದ ಮೇಲೆ ಸುರುಳಿ ಸುತ್ತಿ ಇಟ್ಟಿದ್ದಳು. ಕೊರೋನಾದಿಂದಾಗಿ 2020ರಲ್ಲಿ ನಾವು ಊರು ಬಿಟ್ಟಿರಲಿಲ್ಲ. ಆ ವರ್ಷ ಮೊದಲ ಸುತ್ತು ಅಕ್ಟೋಬರ್ 21ಕ್ಕಿದೆ. 2021ರಲ್ಲೂ ಹೋಗಿರಲಿಲ್ಲ, ಅಂದು ಅಕ್ಟೋಬರ್ 14. ಕಳೆದ ವರ್ಷದ ಹಾಳೆಯಲ್ಲಿ ತಲಕಾವೇರಿಗೆ ಹೊರಡುವ ಎರಡು ದಿನ ಮೊದಲೇ ಪೆನ್ಸಿಲಿನಲ್ಲಿ ‘ಕಣ್ಣು ಭಾರ’ ಎಂದು ಬರೆದದ್ದೂ ಇದೆ, ಅದನ್ನು ನಾನು ಮರೆತೇಬಿಟ್ಟಿದ್ದೆ. ಆದರೆ ಮಡಿಕೇರಿಯ ಆ ಒಂದು ತಾರೀಕಿಗೆ ಎರಡು ಸುತ್ತುಗಳಿವೆ, ಮುಂದಿನ ವಾರದ ಯಾವ ದಿನಕ್ಕೂ ಎರಡಿಲ್ಲ. ಪ್ರಯಾಣದ ನಿದ್ದೆಗೇಡು ಕಾರಣವೋ ಎತ್ತರ ಕಾರಣವೋ, ಅದನ್ನು ಕ್ಯಾಲೆಂಡರ್ ಹೇಳುವುದಿಲ್ಲ.

ಊಟಿ ಪ್ರವಾಸವನ್ನು ಜನವರಿಗೆ ಮುಂದೂಡಲಾದೀತೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇನೆ. ಆಗದಿದ್ದರೆ ನನ್ನ ಬದಲಿಗೆ ಗಣಿತದ ಅಧ್ಯಾಪಕರು ಹೋಗುತ್ತಾರೆ. ಲೇಹ್ ವಿಷಯವನ್ನು ಭಾವನಿಗೆ ಹೇಳಿದಾಗ, ಅಲ್ಲಿ ಮೊದಲ ಎರಡು ದಿನ ಸುಮ್ಮನೆ ಕುಳಿತಿರಬೇಕೆಂಬುದೇ ಅವನಿಗೆ ಅರಗದ ಮಾತಾಗಿದೆ.