ಹೊರಗುತ್ತಿಗೆ ತಂತ್ರಾಂಶ ಯೋಜನೆ: ಎರಡೂ ಕಡೆಯ ಮಾತುಕತೆ ಒಬ್ಬರ ಮೂಲಕವೇ ನಡೆಯಬೇಕೇ?

ಪ್ರಶ್ನೆ | ಬರೆದವರು: ಪೀಣ್ಯ_ಐಟಿ

ಪೀಣ್ಯದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುತ್ತೇವೆ. ಇದುವರೆಗೆ ಲೆಕ್ಕಪತ್ರ ಟ್ಯಾಲಿಯಲ್ಲಿಯೂ ಉಳಿದದ್ದೆಲ್ಲ ಎಕ್ಸೆಲ್ ಹಾಳೆಗಳಲ್ಲಿಯೂ ನಡೆಯುತ್ತಿತ್ತು. ಆರ್ಡರ್, ಸ್ಟೋರ್ಸ್, ಜಾಬ್‌ವರ್ಕ್ (ಬಿಡಿಭಾಗಗಳನ್ನು ಹೊರಗಿನವರಿಗೆ ಕಳುಹಿಸಿ ಮಾಡಿಸುವ ಕೆಲಸ) ಮತ್ತು ಬಿಲ್ಲಿಂಗ್ ನಾಲ್ಕನ್ನೂ ಒಂದೇ ಕಡೆ ನೋಡಿಕೊಳ್ಳುವ ತಂತ್ರಾಂಶವನ್ನು ಬೆಂಗಳೂರಿನಲ್ಲೇ ಇರುವ ಹೊರಗಿನ ಕಂಪನಿಯಿಂದ ಬರೆಸಲು ಈಗ ಆಡಳಿತ ಮಂಡಳಿ ಒಪ್ಪಿದೆ. ಕಂಪನಿಯ ಆಯ್ಕೆ ಮುಗಿದಿದೆ, ದರವೂ ತೀರ್ಮಾನವಾಗಿದೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಎರಡೂ ಕಡೆಯ ತಂಡಗಳ ರಚನೆಯನ್ನು ಬರಹದಲ್ಲಿ ನಿಗದಿಪಡಿಸಬೇಕಾಗಿದೆ.

ಅವರ ಪ್ರಸ್ತಾವದ ಪ್ರಕಾರ ಅವರ ಕಡೆ ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್, ಒಬ್ಬ ಬಿಸಿನೆಸ್ ಅನಲಿಸ್ಟ್ (ನಮ್ಮ ಅಗತ್ಯಗಳನ್ನು ಕೇಳಿ ಬರೆದುಕೊಳ್ಳುವವರು), ಒಬ್ಬ ಟೆಕ್ ಲೀಡ್ (ಡೆವಲಪರ್‌ಗಳ ತಾಂತ್ರಿಕ ಮುಖ್ಯಸ್ಥರು), ಐವರು ಡೆವಲಪರ್‌ಗಳು ಮತ್ತು ಇಬ್ಬರು ಟೆಸ್ಟರ್‌ಗಳು ಇರುತ್ತಾರೆ. ನಮ್ಮ ಕಡೆಯಿಂದ ಒಬ್ಬರೇ ಸಾಕು, ಎಲ್ಲ ಪ್ರಶ್ನೆಗಳೂ ಎಲ್ಲ ಉತ್ತರಗಳೂ ಆ ಒಬ್ಬರು ಮತ್ತು ಅವರ ಪ್ರಾಜೆಕ್ಟ್ ಮ್ಯಾನೇಜರ್ ನಡುವೆಯೇ ಸಾಗಬೇಕು ಎನ್ನುತ್ತಾರೆ. ಆ ಒಬ್ಬರು ನಾನೇ ಎಂದು ನಮ್ಮ ಎಂ.ಡಿ. ಹೇಳಿಯಾಗಿದೆ. ನಾನು ಐಟಿ ವಿಭಾಗದ ಮುಖ್ಯಸ್ಥೆ ಹೌದು, ಆದರೆ ಆ ವಿಭಾಗವೆಂದರೆ ನಾನು ಮತ್ತು ಇಬ್ಬರು ಹುಡುಗರು ಅಷ್ಟೇ. ನೆಟ್‌ವರ್ಕ್, ಪ್ರಿಂಟರ್, ಹಾಜರಿ ಯಂತ್ರ, ಎಲ್ಲವೂ ನಮ್ಮ ತಲೆಯ ಮೇಲೆಯೇ ಇವೆ.

ಒಬ್ಬರ ಮೂಲಕವೇ ಎಲ್ಲವೂ ಸಾಗುವ ಈ ಕ್ರಮ ಸರಿಯೇ? ಸ್ಟೋರ್ಸ್ ಇನ್‌ಚಾರ್ಜ್ ಅಥವಾ ಅಕೌಂಟ್ಸ್‌ನವರು ನೇರವಾಗಿ ಡೆವಲಪರ್‌ಗಳೊಂದಿಗೆ ಮಾತನಾಡಿದರೆ ಕೆಲಸ ಹಾದಿ ತಪ್ಪುತ್ತದೆ ಎಂಬ ಅವರ ಎಚ್ಚರಿಕೆಯಲ್ಲಿ ಎಷ್ಟು ಹುರುಳಿದೆ? ನಮ್ಮ ಇಬ್ಬರು ಹುಡುಗರನ್ನು ಅವರ ತಂಡದೊಳಗೇ ಕೂರಿಸುವುದರಿಂದ ಪ್ರಯೋಜನವಿದೆಯೇ?

ಉತ್ತರ 1 | ಬರೆದವರು: ಡೆಲಿವರಿ_ಜಯನಗರ

ನಾನು ಬಹುಕಾಲ ವೆಂಡರ್ (ತಂತ್ರಾಂಶ ಬರೆದುಕೊಡುವ ಕಂಪನಿ) ಕಡೆಯಲ್ಲಿ ಡೆಲಿವರಿ ಮ್ಯಾನೇಜರ್ ಆಗಿ ಕೆಲಸ ಮಾಡಿದವನು. ಆದ್ದರಿಂದ ಮೊದಲು ಅವರ ಪರವಾಗಿಯೇ ಒಂದು ಮಾತು ಹೇಳುತ್ತೇನೆ. ನೀವು ದರ ತೀರ್ಮಾನವಾಗಿದೆ ಎಂದಿರುವುದರಿಂದ ಇದು ಫಿಕ್ಸೆಡ್ ಪ್ರೈಸ್, ಅಂದರೆ ಒಟ್ಟು ಮೊತ್ತ ಮೊದಲೇ ನಿಗದಿಯಾದ ಒಪ್ಪಂದವಿರಬೇಕು. ಅಂಥ ಒಪ್ಪಂದದಲ್ಲಿ ವೆಂಡರ್‌ಗೆ ಇರುವ ದೊಡ್ಡ ಭಯವೆಂದರೆ ನಿಮ್ಮ ಕಡೆಯವರೊಬ್ಬರು ಡೆವಲಪರ್ ಪಕ್ಕದಲ್ಲಿ ನಿಂತು "ಇದೊಂದು ರಿಪೋರ್ಟ್ ಕೂಡ ಸೇರಿಸಿಬಿಡಿ" ಎನ್ನುವುದು. ಆತ ಸಂಕೋಚಕ್ಕೆ ಒಪ್ಪಿಕೊಳ್ಳುತ್ತಾನೆ, ಎರಡು ದಿನದ ಕೆಲಸ ಲೆಕ್ಕಕ್ಕೆ ಸಿಗದೆ ಹೋಗುತ್ತದೆ, ಅಂಥವು ಹತ್ತು ಸೇರಿದರೆ ಯೋಜನೆ ನಷ್ಟಕ್ಕೆ ತಿರುಗುತ್ತದೆ. ಒಬ್ಬರೇ ಮಾತನಾಡಬೇಕೆಂಬ ಷರತ್ತು ಹುಟ್ಟುವುದು ಇಲ್ಲಿಂದ.

ಆದರೆ ಆ ಭಯಕ್ಕೆ ಹುಡುಕಿದ ಮದ್ದು ರೋಗಕ್ಕಿಂತ ದುಬಾರಿ. ಕೆಲಸದ ವ್ಯಾಪ್ತಿಯನ್ನು ಬದಲಿಸುವ ಅಧಿಕಾರ ಒಬ್ಬರಲ್ಲೇ ಇರಬೇಕು, ಸರಿ. ಕೆಲಸವನ್ನು ಅರ್ಥ ಮಾಡಿಸುವ ಹೊಣೆಯೂ ಆ ಒಬ್ಬರದೇ ಆಗಬೇಕಿಲ್ಲ. ಪ್ರಸ್ತಾವ ಬರೆದವರು ಈ ಎರಡನ್ನೂ ಬೆಸೆದುಬಿಟ್ಟಿದ್ದಾರೆ.

ನಿಮ್ಮ ಜಾಬ್‌ವರ್ಕ್ ಭಾಗವನ್ನೇ ತೆಗೆದುಕೊಳ್ಳಿ. ಒಂದು ಸಾವಿರ ಬಿಡಿಭಾಗಗಳನ್ನು ಡೆಲಿವರಿ ಚಲನ್ (ಸರಕಿನ ಜೊತೆ ಹೋಗುವ ಚೀಟಿ) ಮೇಲೆ ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಕಳುಹಿಸಿದಿರಿ ಎಂದುಕೊಳ್ಳೋಣ. ಒಂಬೈನೂರ ಅರವತ್ತು ಸರಿಯಾಗಿ ಬಂದವು, ಇಪ್ಪತ್ತೈದು ರಿಜೆಕ್ಟ್ ಆದವು, ಉಳಿದ ಹದಿನೈದು ತಮಗೆ ತಲುಪಿಯೇ ಇಲ್ಲ ಎಂದು ಪ್ಲೇಟಿಂಗ್‌ನವರು ಹೇಳುತ್ತಾರೆ. ರಿಜೆಕ್ಟ್ ಆದವು ಹಳೆಯ ಚಲನ್‌ನಲ್ಲೇ ಬಾಕಿ ಉಳಿಯಬೇಕೇ, ಹೊಸ ಚಲನ್ ಮೇಲೆ ಮತ್ತೆ ಹೋಗಬೇಕೇ? ಕಡಿಮೆ ಬಂದವುಗಳಿಗೆ ಡೆಬಿಟ್ ನೋಟ್ (ಅವುಗಳ ಹಣವನ್ನು ಅವರ ಲೆಕ್ಕಕ್ಕೆ ಹಾಕುವ ಪತ್ರ) ಯಾವಾಗ? ಇದರ ಜೊತೆಗೆ, ಜಾಬ್‌ವರ್ಕ್‌ಗೆ ಹೋದ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಅಥವಾ ಅಲ್ಲಿಂದಲೇ ಗಿರಾಕಿಗೆ ಹೋಗದಿದ್ದರೆ, ಕಳುಹಿಸಿದ ದಿನವೇ ಅದು ಪೂರೈಕೆಯಾಯಿತೆಂದು ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಭಾವಿಸುತ್ತದೆ. ಅಂದರೆ ಆ ಹದಿನೈದು ಬಿಡಿಭಾಗಗಳ ದಿನಾಂಕವನ್ನೂ ತಂತ್ರಾಂಶ ನೆನಪಿಟ್ಟುಕೊಳ್ಳಬೇಕು. ನಿಮ್ಮ ಸ್ಟೋರ್ಸ್ ಇನ್‌ಚಾರ್ಜ್ ಇದನ್ನೆಲ್ಲ ಡೆವಲಪರ್‌ಗೆ ಒಂದು ಹಳೆಯ ಚಲನ್ ತೋರಿಸಿಯೇ ವಿವರಿಸಬಲ್ಲರು. ಅದೇ ವಿಷಯ ಅವರಿಂದ ನಿಮಗೆ, ನಿಮ್ಮಿಂದ ಪ್ರಾಜೆಕ್ಟ್ ಮ್ಯಾನೇಜರ್‌ಗೆ, ಅಲ್ಲಿಂದ ಅನಲಿಸ್ಟ್‌ಗೆ ಹೋಗಿ ಡೆವಲಪರ್ ಕೈಗೆ ಸೇರುವಾಗ "ಭಾಗಶಃ ವಾಪಸಾತಿಗೆ ಅವಕಾಶವಿರಬೇಕು" ಎಂಬ ಒಂದು ಸಾಲಾಗಿ ಉಳಿದಿರುತ್ತದೆ. ಆತ ಆ ಸಾಲಿಗೆ ತಕ್ಕಂತೆ ಒಂದೇ ಕಾಲಂ ಮಾಡಿ ಕೊಡುತ್ತಾನೆ, ಅದರಲ್ಲಿ ಆತನ ತಪ್ಪೇನೂ ಇಲ್ಲ.

ಆದ್ದರಿಂದ ಒಪ್ಪಂದದಲ್ಲಿ ಹೀಗೆ ಬರೆಸಿ: ಪ್ರತಿ ವಿಭಾಗಕ್ಕೆ ನಿಮ್ಮ ಕಡೆಯಿಂದ ಒಬ್ಬ ಬಲ್ಲವರು ಇರುತ್ತಾರೆ, ಡೆವಲಪರ್‌ಗಳು ಅವರನ್ನು ನೇರವಾಗಿ ಕೇಳಬಹುದು, ಪ್ರಶ್ನೆ ಮತ್ತು ಉತ್ತರ ಎರಡೂ ಇಬ್ಬರಿಗೂ ಕಾಣುವ, ಜಿರಾದಂಥ (ಕೆಲಸಗಳ ದಾಖಲೆ ಇಡುವ ತಂತ್ರಾಂಶ) ಒಂದು ಕಡೆ ದಾಖಲಾಗಬೇಕು. ಆ ಉತ್ತರದಿಂದ ಹೊಸ ಕೆಲಸ ಹುಟ್ಟಿತೆಂದು ವೆಂಡರ್‌ಗೆ ಅನಿಸಿದರೆ ಅದು ಚೇಂಜ್ ರಿಕ್ವೆಸ್ಟ್ (ಬದಲಾವಣೆಯ ಲಿಖಿತ ಕೋರಿಕೆ) ಆಗಿ ನಿಮ್ಮ ಮುಂದೆ ಬರಬೇಕು, ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ಅದನ್ನು ಮುಟ್ಟಬಾರದು. ವೆಂಡರ್ ಕಡೆಯ ಯಾವ ಮ್ಯಾನೇಜರ್ ಕೂಡ ಇದಕ್ಕೆ ಬೇಡವೆನ್ನಲು ಕಾರಣವಿಲ್ಲ.

ಕೇಳದೆಯೇ ಇನ್ನೊಂದು ಹೇಳುತ್ತೇನೆ. ಪ್ರಸ್ತಾವದ ದಿನ ಎದುರು ಕುಳಿತು ಮಾತನಾಡಿದ ಟೆಕ್ ಲೀಡ್ ಕೆಲಸದ ದಿನವೂ ಇರುತ್ತಾರೆಂದು ಭಾವಿಸಬೇಡಿ. ಲೀಡ್ ಮತ್ತು ಅನಲಿಸ್ಟ್ ಇಬ್ಬರ ಹೆಸರನ್ನೂ ಒಪ್ಪಂದದಲ್ಲಿ ನಮೂದಿಸಿ, ಬದಲಿಸಬೇಕಾದರೆ ಹೊಸಬರು ಹಳಬರ ಜೊತೆ ಎರಡು ಮೂರು ವಾರವಾದರೂ ವೆಂಡರ್ ಖರ್ಚಿನಲ್ಲೇ ಕೆಲಸ ಮಾಡಬೇಕೆಂದು ಕೇಳಿ. ನಮ್ಮ ಅನೇಕ ಕಂಪನಿಗಳಲ್ಲಿ ನೋಟಿಸ್ ಅವಧಿ 90 ದಿನಗಳಷ್ಟು ಇರುವುದರಿಂದ "ಇದ್ದಕ್ಕಿದ್ದಂತೆ ಬಿಟ್ಟು ಹೋದರು" ಎಂಬ ಮಾತನ್ನು ಬೇಗನೆ ನಂಬಬೇಕಾಗಿಲ್ಲ.

ಉತ್ತರ 2 | ಬರೆದವರು: ನ್ಯೂಜೆರ್ಸಿ_ಕನ್ನಡಿಗ

ಮೇಲಿನವರ ಮಾತಿಗೆ ಸಾರ್ವಜನಿಕವಾಗಿ ದಾಖಲಾಗಿರುವ ಒಂದು ಪ್ರಕರಣವನ್ನು ಸೇರಿಸುತ್ತೇನೆ. ಅಮೆರಿಕದ ಆರೋಗ್ಯ ವಿಮೆಯ ಸರ್ಕಾರಿ ಜಾಲತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ನೋಂದಣಿ ಪೂರ್ಣಗೊಳಿಸಲು ಸಾಧ್ಯವಾದದ್ದು ಆರು ಜನರಿಗೆ ಮಾತ್ರ ಎಂದು ಅಲ್ಲಿನ ಸಂಸದೀಯ ಸಮಿತಿ ಬಹಿರಂಗಪಡಿಸಿದ ಟಿಪ್ಪಣಿಗಳಲ್ಲಿತ್ತು. ಕೆಲಸ 55 ಗುತ್ತಿಗೆದಾರರ ನಡುವೆ ಹಂಚಿಹೋಗಿತ್ತು. ವಿಮೆ ಕೊಳ್ಳುವ ಮುಖ್ಯ ಭಾಗ ಸಿಜಿಐ ಫೆಡರಲ್ ಬಳಿ, ದತ್ತಾಂಶ ವಿನಿಮಯದ ಭಾಗ ಕ್ಯೂಎಸ್‌ಎಸ್‌ಐ ಬಳಿ ಇತ್ತು. ಇವನ್ನೆಲ್ಲ ಜೋಡಿಸುವ ಹೊಣೆಯನ್ನು ಸಿಎಂಎಸ್ ಎಂಬ ಸರ್ಕಾರಿ ಸಂಸ್ಥೆ ತಾನೇ ಇಟ್ಟುಕೊಂಡಿತ್ತು, ಆದರೆ ಆ ಸಂಸ್ಥೆಯೊಳಗೆ ಕೊನೆಯ ಮಾತು ಯಾರದು ಎಂಬುದು ಸ್ಪಷ್ಟವಿರಲಿಲ್ಲ. ನಾಯಕತ್ವದ ಈ ಅಸ್ಪಷ್ಟತೆಯಿಂದ ನಿರ್ಧಾರಗಳು ವಿಳಂಬವಾದವೆಂದು ಆ ಸಂಸ್ಥೆ ಸೇರಿರುವ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ 2016ರ ವರದಿಯಲ್ಲಿ ಬರೆಯಿತು. ಗುತ್ತಿಗೆದಾರರ ಸಂಖ್ಯೆಯ ಬಗ್ಗೆಯೇ ಆಗ ಎಲ್ಲರೂ ಮಾತನಾಡಿದರು. ನನಗೆ ಮಾತ್ರ ಗ್ರಾಹಕರ ಕಡೆಯ ಈ ಖಾಲಿ ಕುರ್ಚಿಯೇ ಮುಖ್ಯವೆನಿಸುತ್ತದೆ.

ಅದನ್ನು ಸರಿಪಡಿಸಿದ ಬಗೆಯೂ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಅಕ್ಟೋಬರ್ ಕೊನೆಯಲ್ಲಿ ಒಟ್ಟು ಜೋಡಣೆಯ ಹೊಣೆಯನ್ನು ಕ್ಯೂಎಸ್‌ಎಸ್‌ಐಗೆ ವಹಿಸಿದರು. ಗೂಗಲ್‌ನಿಂದ ಬಂದಿದ್ದ ಮೈಕಿ ಡಿಕರ್ಸನ್ ದಿನಕ್ಕೆ ಎರಡು ಸಲ ಎಲ್ಲ ಗುತ್ತಿಗೆದಾರರನ್ನೂ ಒಟ್ಟಿಗೆ ಸೇರಿಸುತ್ತಿದ್ದರು. ಆ ಸಭೆಯಲ್ಲಿ ಹುದ್ದೆಯಲ್ಲಿ ದೊಡ್ಡವರ ಬದಲು ಸಮಸ್ಯೆಯನ್ನು ಹೆಚ್ಚು ಬಲ್ಲವರು ಮಾತನಾಡಬೇಕು, ಒಬ್ಬರ ಮೇಲೊಬ್ಬರು ತಪ್ಪು ಹೊರಿಸಲು ಅದು ಜಾಗವಲ್ಲ ಎಂಬುದು ಅವರ ನಿಯಮವಾಗಿತ್ತು. ನವೆಂಬರ್ ಅಂತ್ಯದ ಹೊತ್ತಿಗೆ ಬಹುಪಾಲು ಜನರಿಗೆ ಜಾಲತಾಣ ಕೆಲಸ ಮಾಡತೊಡಗಿತು.

ನಿಮ್ಮ ಎರಡೂ ತಂಡಗಳು ಒಂದೇ ಊರಿನಲ್ಲಿರುವುದು ಎಂಥ ಅನುಕೂಲವೆಂದು ಇಲ್ಲಿರುವ ನಮಗೆ ಗೊತ್ತು. ಚಳಿಗಾಲದಲ್ಲಿ ಬೆಂಗಳೂರು ನಮಗಿಂತ ಹತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿನ ಡೆವಲಪರ್ ಮಧ್ಯಾಹ್ನ ಮೂರಕ್ಕೆ ಕೇಳಿದ ಪ್ರಶ್ನೆಯನ್ನು ಇಲ್ಲಿನ ಆನ್‌ಸೈಟ್ ಕೋಆರ್ಡಿನೇಟರ್ (ಗ್ರಾಹಕರ ಬಳಿಯಿರುವ ವೆಂಡರ್ ಪ್ರತಿನಿಧಿ) ಬೆಳಿಗ್ಗೆ ಎಂಟಕ್ಕೆ ನೋಡುವಾಗ ಅಲ್ಲಿ ಸಂಜೆ ಆರೂವರೆ. ಗ್ರಾಹಕರು ಊಟ ಮುಗಿಸಿ ಎರಡು ಗಂಟೆಗೆ ಉತ್ತರಿಸುವಾಗ ಅಲ್ಲಿ ನಡುರಾತ್ರಿ ಕಳೆದಿರುತ್ತದೆ. ಉತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟಿದರೆ ಇನ್ನೊಂದು ದಿನ ಹೋಯಿತು. ನಾವು ವಿಧಿಯಿಲ್ಲದೆ ಸಹಿಸುವ ಈ ವಿಳಂಬವನ್ನು ಪೀಣ್ಯದಲ್ಲಿ ಕುಳಿತು ನೀವಾಗಿಯೇ ಕಟ್ಟಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರಿಂದ | ಪೀಣ್ಯ_ಐಟಿ

ಇಬ್ಬರಿಗೂ ಧನ್ಯವಾದಗಳು. ಇದನ್ನು ಎಂ.ಡಿ. ಅವರ ಮುಂದಿಟ್ಟಾಗ ಅವರು ಇನ್ನೊಂದು ತುದಿಗೆ ಹೋದರು: ಹಾಗಿದ್ದರೆ ಸ್ಟೋರ್ಸ್, ಪ್ರೊಡಕ್ಷನ್, ಅಕೌಂಟ್ಸ್ ಮುಖ್ಯಸ್ಥರ ಸಮಿತಿ ಮಾಡೋಣ, ಬದಲಾವಣೆಗಳಿಗೆ ಮೂವರೂ ಒಪ್ಪಬೇಕು ಎನ್ನುತ್ತಾರೆ. ಈ ಮೂವರು ಒಂದು ರ‍್ಯಾಕ್ ಎಲ್ಲಿಡಬೇಕೆಂಬುದಕ್ಕೇ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿಲ್ಲ.

ಉತ್ತರ 3 | ಬರೆದವರು: ಹೆಬ್ಬಾಳ_ಮೈಸೂರು

ನಾನು ನಿಮ್ಮಂತೆಯೇ ಕೆಲಸ ಬರೆಸುವ ಕಡೆಯವನು. ಸಮಿತಿ ಇರಲಿ ಮೇಡಂ, ಆದರೆ ಅದಕ್ಕೆ ಅಭಿಪ್ರಾಯ ಹೇಳುವ ಹಕ್ಕು ಮತ್ತು ಗಡುವು ಮಾತ್ರ ಇರಲಿ. ಯಾವುದೇ ವಿಷಯ ಅವರ ಮುಂದೆ ಹೋದ ಎರಡು ಕೆಲಸದ ದಿನಗಳೊಳಗೆ ಮೂವರಿಂದ ಒಮ್ಮತದ ಮಾತು ಬರದಿದ್ದರೆ ನಿಮ್ಮ ನಿರ್ಧಾರವೇ ಅಂತಿಮ ಎಂದು ಎಂ.ಡಿ. ಅವರ ಸಹಿಯಿರುವ ಒಂದು ಪುಟವನ್ನು ಪಡೆದುಕೊಳ್ಳಿ. ಹಣ ಹೆಚ್ಚಾಗುವ ಬದಲಾವಣೆಗಳಿಗೆ ಒಂದು ಮಿತಿ ಹಾಕಿ, ಅದರ ಮೇಲಿನದು ಮಾತ್ರ ಎಂ.ಡಿ. ಅವರ ಬಳಿ ಹೋಗಲಿ. ಆ ಪುಟವಿಲ್ಲದೆ ನೀವು ಸಂಪರ್ಕ ವ್ಯಕ್ತಿಯಾದರೆ ಅಧಿಕಾರವಿಲ್ಲದ ಹೊಣೆ ಹೊರುತ್ತೀರಿ, ಅದು ಬೇಡ.

ಮೊದಲ ಉತ್ತರದ ಒಂದು ಅಂಶವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸ್ಟೋರ್ಸ್ ಇನ್‌ಚಾರ್ಜ್‌ರನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಕೇಳಬಹುದೆಂದು ಬರೆದರೆ, ಲಾರಿ ಬಂದು ನಿಂತಿರುವಾಗ ಐವರು ಡೆವಲಪರ್‌ಗಳ ಫೋನ್ ಬರುತ್ತದೆ. ಮೂರನೆಯ ವಾರಕ್ಕೆ ಅವರು ಉತ್ತರಿಸುವುದನ್ನೇ ನಿಲ್ಲಿಸುತ್ತಾರೆ, ನಂತರ ತಂತ್ರಾಂಶದ ಮೇಲೆಯೇ ಮುನಿಸಿಕೊಳ್ಳುತ್ತಾರೆ. ದಿನದಲ್ಲಿ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಆ ಹೊತ್ತಿನ ಅವರ ಕೆಲಸವನ್ನು ಇನ್ನೊಬ್ಬರಿಗೆ ಅಧಿಕೃತವಾಗಿ ವಹಿಸಬೇಕು. ತಂಡದ ಚಿತ್ರಪಟದಲ್ಲಿ ಹೆಸರು ಬರೆಯುವುದು ಸುಲಭ, ಆ ಹೆಸರಿನವರಿಗೆ ಸಮಯ ಕೊಡಿಸುವುದು ಕಷ್ಟ. ನೀವು ಆಡಳಿತ ಮಂಡಳಿಯೊಂದಿಗೆ ಹೋರಾಡಬೇಕಾದದ್ದು ಇದಕ್ಕೆ.

ನಿಮ್ಮ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಖಂಡಿತ ಅವರ ತಂಡದೊಳಗೆ ಕೂರಿಸಿ, ಇನ್ನೊಬ್ಬನನ್ನು ಪ್ರಿಂಟರ್‌ಗಳಿಗೆ ಬಿಡಿ. ಒಳಗೆ ಹೋದವನು ಮೊದಲ ದಿನದಿಂದ ಕೋಡ್ ರಿವ್ಯೂದಲ್ಲಿ (ಬರೆದ ಕೋಡನ್ನು ಇತರರು ಪರಿಶೀಲಿಸುವುದು) ಭಾಗವಹಿಸಲಿ, ಸರ್ವರ್‌ಗೆ ಹೊಸ ಆವೃತ್ತಿ ಹಾಕುವ ಕೆಲಸವನ್ನು ಕಲಿತು ನಾಲ್ಕಾರು ತಿಂಗಳಲ್ಲಿ ತಾನೇ ಮಾಡುವಂತಾಗಲಿ. ರೆಪಾಸಿಟರಿ (ಕೋಡ್ ಇಡುವ ಭಂಡಾರ) ಮತ್ತು ಕ್ಲೌಡ್ ಖಾತೆಗಳು ನಿಮ್ಮ ಕಂಪನಿಯ ಹೆಸರಿನಲ್ಲಿರಬೇಕು, ವೆಂಡರ್‌ನವರಿಗೆ ಅದರಲ್ಲಿ ಪ್ರವೇಶವನ್ನಷ್ಟೇ ಕೊಡಬೇಕು. ಅವರ ಡೆವಲಪರ್‌ಗಳ ರಜೆ, ಮೌಲ್ಯಮಾಪನ, ಯಾರು ಯಾವ ಕೆಲಸ ಮಾಡಬೇಕೆಂಬ ಹಂಚಿಕೆ ಇವುಗಳಿಗೆ ಮಾತ್ರ ಕೈ ಹಾಕಬೇಡಿ.

ಅವರ ಐವರು ಡೆವಲಪರ್‌ಗಳನ್ನು ಹೇಗೆ ವಿಂಗಡಿಸಿದ್ದಾರೆ ಎಂದೂ ಕೇಳಿ. ಸಂಸ್ಥೆಯೊಳಗಿನ ಸಂಪರ್ಕದ ಸ್ವರೂಪವೇ ಅದು ಕಟ್ಟುವ ವ್ಯವಸ್ಥೆಯಲ್ಲೂ ಮೂಡುತ್ತದೆಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು, ಅದು ಇಂದಿಗೂ ಸುಳ್ಳಾಗಿಲ್ಲ. ಪರದೆಯ ಕೆಲಸಕ್ಕೆ ಒಂದು ಗುಂಪು, ಡೇಟಾಬೇಸ್‌ಗೆ ಇನ್ನೊಂದು ಗುಂಪು ಎಂದಿದ್ದರೆ ಜಾಬ್‌ವರ್ಕ್‌ನ ಒಂದು ಸಣ್ಣ ತಿದ್ದುಪಡಿಗೂ ಎರಡು ಗುಂಪುಗಳ ಒಪ್ಪಂದ ಬೇಕಾಗುತ್ತದೆ. ಸ್ಟೋರ್ಸ್ ಮತ್ತು ಜಾಬ್‌ವರ್ಕ್ ಒಂದು ಗುಂಪಿಗೆ, ಆರ್ಡರ್ ಮತ್ತು ಬಿಲ್ಲಿಂಗ್ ಇನ್ನೊಂದಕ್ಕೆ ಎಂದು ಹಂಚಿದರೆ ನಿಮ್ಮ ವಿಭಾಗಗಳ ಬಲ್ಲವರಿಗೆ ಎದುರಾಗಿ ಅವರ ಕಡೆ ಪರಿಚಿತ ಮುಖ ಒಂದಾದರೂ ಇರುತ್ತದೆ.

ಉತ್ತರ 4 | ಬರೆದವರು: ಟೆಸ್ಟರ್_ಬಸವನಗುಡಿ

ಎಲ್ಲರೂ ಕಟ್ಟುವವರ ಬಗ್ಗೆ ಬರೆದಿದ್ದಾರೆ, ಪರೀಕ್ಷಿಸುವವರನ್ನು ಬಿಟ್ಟಿದ್ದಾರೆ. ವೆಂಡರ್‌ನ ಇಬ್ಬರು ಟೆಸ್ಟರ್‌ಗಳು ಬರೆದುಕೊಟ್ಟದ್ದು ಬಂದಿದೆಯೇ ಎಂದು ನೋಡುತ್ತಾರೆ. ನಿಮ್ಮ ಕೆಲಸ ನಡೆಯುತ್ತದೆಯೇ ಎಂದು ನೋಡುವವರು ನಿಮ್ಮವರೇ ಆಗಬೇಕು. ಅದನ್ನು ಕೊನೆಯ ತಿಂಗಳ ಯುಎಟಿಗೆ (ಬಳಕೆದಾರರೇ ಮಾಡುವ ಅಂತಿಮ ಪರೀಕ್ಷೆ) ಮುಂದೂಡದೆ, ಪ್ರತಿ ಎರಡು ವಾರದ ಸ್ಪ್ರಿಂಟ್ (ಕೆಲಸದ ಸಣ್ಣ ಕಂತು) ಮುಗಿದಾಗಲೂ ಚಲನ್ ಬರೆಯುವ ಗುಮಾಸ್ತರೇ ಆ ವಾರದ ನಿಜವಾದ ಚಲನ್‌ಗಳನ್ನು ಹೊಸ ತಂತ್ರಾಂಶದಲ್ಲಿ ನಮೂದಿಸಲಿ, ಡೆವಲಪರ್ ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡಲಿ. ಕಂತಿನ ಹಣ ಬಿಡುಗಡೆಗೆ ಆ ಗುಮಾಸ್ತರ ಒಪ್ಪಿಗೆಯನ್ನೂ ಒಂದು ಷರತ್ತಾಗಿ ಸೇರಿಸಿ, ಯಾವುದನ್ನು ದೋಷವೆಂದು ಯಾವುದನ್ನು ಹೊಸ ಬೇಡಿಕೆಯೆಂದು ಎಣಿಸಬೇಕೆಂಬ ವ್ಯಾಖ್ಯೆಯನ್ನು ಸಹಿಗೆ ಮೊದಲೇ ಇಬ್ಬರೂ ಬರೆದಿಟ್ಟುಕೊಳ್ಳಿ.