ಟರ್ಬೋ ಪೆಟ್ರೋಲ್: ಇಂಜಿನ್ ಬಿಸಿಯಾದರೂ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಆರ್‌ಪಿಎಂ) 1300 ಬಿಟ್ಟು ಇಳಿಯುತ್ತಿಲ್ಲ

ಬನಶಂಕರಿ ಸವಾರ:
ನಂದು 1.2 ಲೀಟರ್ ಟರ್ಬೋ ಪೆಟ್ರೋಲ್, ಮ್ಯಾನುಯಲ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ ಜಾಸ್ತಿ ಇರುತ್ತೆ, ಅದು ಸರಿ. ಆದರೆ ಸಿಲ್ಕ್ ಬೋರ್ಡ್ ತಲುಪೋ ಹೊತ್ತಿಗೆ ಇಂಜಿನ್ ಪೂರ್ತಿ ಬಿಸಿಯಾಗಿದ್ದರೂ, ನ್ಯೂಟ್ರಲ್‌ಗೆ ಹಾಕಿದರೆ ಮುಳ್ಳು 1300ರಲ್ಲೇ ನಿಂತಿರುತ್ತದೆ. ಮೊದಲು 800ರ ಹತ್ತಿರ ಇರುತ್ತಿತ್ತು. ಎಸಿ ಆಫ್ ಮಾಡಿದರೂ ಅಷ್ಟೇ. ಜಾಮ್‌ನಲ್ಲಿ ಕ್ಲಚ್ ಬಿಟ್ಟರೆ ಕಾರು ತಾನೇ ಎಳೆದುಕೊಂಡು ಹೋಗುತ್ತೆ, ಮುಂದಿನ ಆಟೋಗೆ ಗುದ್ದೋ ಭಯ. ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಗ್ಯಾರೇಜ್‌ನವರು ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡುವ ಭಾಗ) ಕ್ಲೀನ್ ಮಾಡಿದರು, ಏನೂ ಆಗಲಿಲ್ಲ. ಈಗ ಅದನ್ನೇ ಬದಲಿಸಬೇಕಂತೆ. ಆ ದುಡ್ಡಿಗೆ ನಾಲ್ಕು ಟಯರ್ ಬರುತ್ತೆ! ಬ್ಲೂಟೂತ್ ಸ್ಕ್ಯಾನರ್ ಇದೆ, ಏನು ನೋಡಲಿ?

ಸ್ಪ್ಯಾನರ್ ಸ್ವಾಮಿ:
ಸದ್ಯಕ್ಕೆ ಬದಲಿಸಬೇಡಿ. ಮೊದಲು ಕೂಲಂಟ್ ಟೆಂಪರೇಚರ್ ನೋಡಿ. ಅರ್ಧ ಗಂಟೆ ಓಡಿದ ಮೇಲೆ 85–95 ಡಿಗ್ರಿ ಇರಬೇಕು. ಸೆನ್ಸರ್ 40 ಅಂತ ಸುಳ್ಳು ಹೇಳುತ್ತಿದ್ದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಐಡಲ್ ಏರಿಸುತ್ತೆ. ಅದು ಸರಿ ಇದ್ದರೆ ಥ್ರಾಟಲ್ ಪೊಸಿಷನ್ ನೋಡಿ. ಪೂರ್ತಿ ಮುಚ್ಚಿದ್ದರೂ ಶೇಕಡಾ 12–15 ತೋರಿಸುವ ಕಾರುಗಳಿವೆ, ಗಾಬರಿ ಬೇಡ. ಥ್ರಾಟಲ್ ಮುಚ್ಚಿಕೊಂಡಿದೆ, ಆದರೂ ಆರ್‌ಪಿಎಂ ಇಳಿಯುತ್ತಿಲ್ಲ ಅಂದರೆ ಗಾಳಿ ಬೇರೆ ಕಡೆಯಿಂದ ನುಗ್ಗುತ್ತಿದೆ, ಥ್ರಾಟಲ್ ಬಾಡಿದೇನೂ ತಪ್ಪಿಲ್ಲ.

ಇನ್ನೊಂದು, ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರ್ (ಇಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಪೈಪಿನ ಒತ್ತಡ ಅಳೆಯೋದು) ನೋಡಿದರೆ ನಮ್ಮ ಬೆಂಗಳೂರಲ್ಲಿ ಸುಮಾರು 91 ಕೆಪಿಎ (ಕಿಲೋಪಾಸ್ಕಲ್) ಬರುತ್ತೆ. ಇಂಟರ್ನೆಟ್‌ನಲ್ಲಿ 101 ಅಂತಾರೆ, ಅದು ಮಂಗಳೂರಿಗೆ ಸರಿ. ನಾವಿರೋದು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲೆ. 101 ಬರಲಿಲ್ಲ ಅಂತ ಸುಮ್ನೆ ಸೆನ್ಸರ್ ಬದಲಿಸಿಕೊಂಡು ಕೂರಬೇಡಿ.

ಹೆಬ್ಬಾಳ ಫ್ಲೈಓವರ್:
ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನೋ ಅಂಕಿ) ನೋಡಿ ಸಾಕು. ಸೊನ್ನೆಯ ಹತ್ತಿರ ಇದ್ದರೆ ಗಾಳಿ ಲೀಕ್ ಇಲ್ಲ.

ಸ್ಪ್ಯಾನರ್ ಸ್ವಾಮಿ:
ಹಂಗೇನಿಲ್ಲ ಗುರು. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರೋ ಕಾರಿಗೆ ಆ ಮಾತು ಸರಿ, ಲೆಕ್ಕಕ್ಕೆ ಸಿಗದ ಗಾಳಿ ಬಂದು ಟ್ರಿಮ್ ಮೇಲೇರುತ್ತೆ. ಬರೀ ಮ್ಯಾಪ್ ಸೆನ್ಸರ್ ಇದ್ದರೆ, ಹೆಚ್ಚಿದ ಗಾಳಿ ಮ್ಯಾನಿಫೋಲ್ಡ್ ಒತ್ತಡದಲ್ಲೇ ಗೊತ್ತಾಗುತ್ತೆ, ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಡುತ್ತೆ. ಟ್ರಿಮ್ ಚೆನ್ನಾಗೇ ಕಾಣುತ್ತೆ, ಐಡಲ್ ಮಾತ್ರ ಏರಿರುತ್ತೆ.

ಬನಶಂಕರಿ ಸವಾರ:
ನೋಡಿದೆ ಸಾರ್. ಕೂಲಂಟ್ 89. ಥ್ರಾಟಲ್ ಮುಚ್ಚಿಕೊಂಡಿದೆ. ಟ್ರಿಮ್ ಸರಿಯಾಗಿದೆ. ಆದರೆ ಇಗ್ನಿಷನ್ ಟೈಮಿಂಗ್ ಸೊನ್ನೆಗಿಂತ ಕೆಳಗೆ ತೋರಿಸುತ್ತಿದೆ, ಇದೇನು?

ಸ್ಪ್ಯಾನರ್ ಸ್ವಾಮಿ:
ಇಸಿಯು ಥ್ರಾಟಲ್ ಮುಚ್ಚಿಯೂ ಸಾಲದೆ, ಟೈಮಿಂಗ್ ಹಿಂದಕ್ಕೆ ತಳ್ಳಿ, ಅಂದರೆ ಸ್ಪಾರ್ಕ್ ತಡವಾಗಿ ಕೊಟ್ಟು, ಆರ್‌ಪಿಎಂ ಇಳಿಸಲು ಒದ್ದಾಡುತ್ತಿದೆ. ಲೀಕ್ ಗ್ಯಾರಂಟಿ. ಪೆಟ್ರೋಲ್ ಟ್ಯಾಂಕ್ ಫುಲ್ ಮಾಡಿಸಿದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುತ್ತಾ?

ಬನಶಂಕರಿ ಸವಾರ:
ಹೌದು! ಬಂಕ್‌ನಲ್ಲೇ ಒಂದೆರಡು ಸಲ ಹಂಗಾಗಿದೆ. ಪೆಟ್ರೋಲ್ ಕಳಪೆ ಅಂದುಕೊಂಡಿದ್ದೆ.

ಸ್ಪ್ಯಾನರ್ ಸ್ವಾಮಿ:
ಹಾಗಾದರೆ ಪರ್ಜ್ ವಾಲ್ವ್ ಮೇಲೇ ನನ್ನ ಅನುಮಾನ. ಟ್ಯಾಂಕ್‌ನ ಆವಿ ಇಂಜಿನ್‌ಗೆ ಬಿಡುವ ಪುಟ್ಟ ವಾಲ್ವ್ ಅದು. ಕರೆಂಟ್ ಇಲ್ಲದಿದ್ದರೆ ಮುಚ್ಚಿರಬೇಕು. ತೆರೆದೇ ಇದ್ದರೆ ಟ್ಯಾಂಕ್ ಫುಲ್ ಮಾಡಿಸಿದಾಗ ಆವಿ ಜಾಸ್ತಿ ನುಗ್ಗಿ ಸ್ಟಾರ್ಟ್ ಆಗಲು ಸತಾಯಿಸುತ್ತೆ. ಇಂಜಿನ್ ಓಡುತ್ತಿರುವಾಗಲೇ ವಾಲ್ವ್‌ನ ಕರೆಂಟ್ ಕನೆಕ್ಟರ್ ಕಿತ್ತು, ಕ್ಯಾನಿಸ್ಟರ್ (ಟ್ಯಾಂಕ್ ಆವಿ ಹಿಡಿದಿಡುವ ಡಬ್ಬಿ) ಕಡೆಯ ಪೈಪ್ ಬಿಚ್ಚಿ, ವಾಲ್ವ್ ಬಾಯಿಗೆ ಬೆರಳಿಡಿ. ಬೆರಳನ್ನು ಒಳಕ್ಕೆ ಎಳೆದರೆ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಬೆರಳಿಟ್ಟ ತಕ್ಷಣ ಆರ್‌ಪಿಎಂ ಬೀಳಬೇಕು. ಎಳೆಯದಿದ್ದರೆ ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ (ಇಂಜಿನ್ ಒಳಗಿನ ಆವಿ ಹೊರಬಿಡುವ ವಾಲ್ವ್), ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ, ಅದಕ್ಕೆ ಹೊಗೆ ಬಿಟ್ಟು ಲೀಕ್ ಹುಡುಕುವ ಸ್ಮೋಕ್ ಟೆಸ್ಟೇ ಒಳ್ಳೇದು. ಕಾರ್ಬ್ ಕ್ಲೀನರ್ ಸಿಂಪಡಿಸಿ ಲೀಕ್ ಹುಡುಕೋ ವಿಡಿಯೋ ನೋಡಿ ಟರ್ಬೋ ಹತ್ತಿರ ಹಾಗೆ ಮಾಡಬೇಡಿ, ಬೆಂಕಿ ಹತ್ತುತ್ತೆ.

ಬನಶಂಕರಿ ಸವಾರ:
ಚೆನ್ನಾಗಿ ಎಳೀತಿದೆ ಸಾರ್! ಬೆರಳಿಂದ ಒತ್ತಿ ಮುಚ್ಚಿದರೆ ಮುಳ್ಳು 850ಕ್ಕೆ ಇಳಿಯುತ್ತೆ. ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆ.ಸಿ. ರಸ್ತೆಯಲ್ಲಿ ಹೊಸ ವಾಲ್ವ್ ಸಿಗುತ್ತಾ?

ಹೆಬ್ಬಾಳ ಫ್ಲೈಓವರ್:
ಸಿಗಬಹುದು, ಹಳೇ ವಾಲ್ವ್ ಬಿಚ್ಚಿ ಕೈಯಲ್ಲೇ ತಗೊಂಡು ಹೋಗಿ, ಪಾರ್ಟ್ ನಂಬರ್ ಅದರ ಮೇಲಿರುತ್ತೆ. ಭಾನುವಾರ ಬೇಡ, ಬಹಳ ಅಂಗಡಿ ಬಾಗಿಲು ಹಾಕಿರುತ್ತೆ.